ಸಿಸ್ಟರ್ ಹೇಳಿದ್ರು

ಹೊಂಬಾಳಮ್ಮನ ಬಲಮಂಡಿಗೆ ಹೊಸ ಕೀಲು ಹಾಕಿದ ಐದನೆಯ ದಿನ, ಮಂಡ್ಯದ ಆಸ್ಪತ್ರೆಯಿಂದ ಮನೆಗೆ ಕಳಿಸುವ ಹೊತ್ತಿನಲ್ಲಿ, ಡಾಕ್ಟರ್ ಸುದರ್ಶನ್ ಮನೆಯಲ್ಲಿ ನೋಡಿಕೊಳ್ಳುವವರು ಯಾರು ಎಂದು ಕೇಳಿದರು. ಹೊಂಬಾಳಮ್ಮನ ಗಂಡ ಜವರಯ್ಯ ಹೆಗಲ ಮೇಲಿನ ಟವೆಲು ಸರಿಮಾಡಿಕೊಂಡು ಒಂದು ಹೆಜ್ಜೆ ಮುಂದೆ ಬಂದ.

“ನಮ್ಮ ಸೊಸೆನೇ ನರ್ಸು ಓದವ್ಳೆ ಸಾ. ಅದ್ಕೆಲ್ಲ ನೀವು ಯೋಚ್ನೆ ಮಾಡ್ಬ್ಯಾಡಿ.”

ಡಾಕ್ಟರು ಸೊಸೆ ನಯನಳ ಕಡೆ ನೋಡಿ, ಹಾಗಾದರೆ ಹೆಚ್ಚು ಹೇಳುವುದೇನೂ ಉಳಿಯಲಿಲ್ಲ ಎನ್ನುವಂತೆ ತಲೆಯಾಡಿಸಿ, ಚೀಟಿಯನ್ನು ಅವಳ ಕೈಗೇ ಕೊಟ್ಟರು. ಹೊರಗೆ ಇನ್ನೂ ಹತ್ತಾರು ಜನ ಕಾದಿದ್ದರು. ವಾರ್ಡಿನ ಸಿಸ್ಟರ್ ಸಿಂಧು ಮಾತ್ರ ಬಾಗಿಲವರೆಗೂ ಬಂದು, ಚೀಟಿಯ ಕೆಳಗಿದ್ದ ಫೋನ್ ನಂಬರಿಗೆ ಪೆನ್ನಿನಲ್ಲಿ ಗೆರೆ ಎಳೆದು, ಏನೇ ಅನುಮಾನ ಬಂದರೂ ಇದಕ್ಕೆ ಮಾಡಿ ಎಂದಳು.

ನಯನ ನರ್ಸಿಂಗ್ ಓದಿದ್ದು ನಿಜ. ಮುಗಿಸಿರಲಿಲ್ಲ. ಮಂಡ್ಯದ ಕಾಲೇಜೊಂದಕ್ಕೆ ಸೇರಿ, ಮೊದಲ ವರ್ಷವೇ ಎರಡು ವಿಷಯದಲ್ಲಿ ಫೇಲಾಗಿ, ಮತ್ತೆ ಕಟ್ಟಿದಾಗಲೂ ಫೇಲಾಗಿ, ಊರಿಗೆ ವಾಪಸು ಬಂದಿದ್ದಳು. ಹೆಣ್ಣು ನೋಡಲು ಬಂದ ದಿನ ಅವಳ ಸೋದರಮಾವ “ನರ್ಸಿಂಗ್ ಓದಿದಾಳೆ” ಎಂದ. ಪಾಸೋ ಫೇಲೋ ಎಂದು ಯಾರೂ ಕೇಳಲಿಲ್ಲ, ಅವಳೂ ಬಾಯಿ ಬಿಡಲಿಲ್ಲ. ಮದುವೆಯಾದ ಮೇಲೆ ಗಂಡ ಜಯಪ್ರಕಾಶನಿಗೆ ಒಂದು ಸಲ ಹೇಳಿಕೊಂಡಿದ್ದಳು. ಅವನು, ಈಗ ಅದನ್ನೆಲ್ಲ ಅಪ್ಪನಿಗೆ ಹೇಳಿ ಆಗಬೇಕಾದ್ದೇನು ಬಿಡು ಎಂದು ನಕ್ಕು ಸುಮ್ಮನಾಗಿದ್ದ. ಮದ್ದೂರಿನಿಂದ ಮಳವಳ್ಳಿಗೆ ಹೋಗುವ ರಸ್ತೆಯಿಂದ ಒಂದು ಮೈಲಿ ಒಳಗಿದ್ದ ಆ ಊರಿನಲ್ಲಿ ಹನ್ನೊಂದು ವರ್ಷದಿಂದ ಅವಳು ನರ್ಸಮ್ಮ. ಬೀದಿಯ ಹೆಂಗಸರು ಬಿ.ಪಿ. ಮಾತ್ರೆ ಊಟಕ್ಕೆ ಮೊದಲೋ ಆಮೇಲೋ ಎಂದು ಕೇಳಲು ಬಂದರೆ ಚೀಟಿ ಓದಿ ಹೇಳುತ್ತಿದ್ದಳು. ಅಷ್ಟಕ್ಕೇ ನಡೆದುಹೋಗುತ್ತಿತ್ತು, ಸುಳ್ಳು ಎಂದೂ ಬಯಲಾಗಿರಲಿಲ್ಲ.

ನಡುಮನೆಯಲ್ಲಿ ಮಂಚ ಹಾಕಿ ಹೊಂಬಾಳಮ್ಮನನ್ನು ಮಲಗಿಸಿದರು. ಮಂಡ್ಯದ ಹತ್ತಿರದ ಕೃಷಿ ಸಂಶೋಧನಾ ಕೇಂದ್ರ ವಿ.ಸಿ. ಫಾರಂನಲ್ಲಿ ಆಳುಗಳ ಮೇಲ್ವಿಚಾರಣೆಯ ಕೆಲಸದಲ್ಲಿದ್ದ ಜಯಪ್ರಕಾಶ ಏಳು ಗಂಟೆಗೆಲ್ಲ ಬೈಕು ಹತ್ತುತ್ತಿದ್ದ. ಕಬ್ಬು ಕಡಿಯುವ ಕಾಲವಾದ್ದರಿಂದ ಜವರಯ್ಯನೂ ಬೆಳಗ್ಗೆ ಗದ್ದೆಗೆ ಹೋದರೆ ಉಣ್ಣುವ ಹೊತ್ತಿಗೇ ಬರುವುದು. ಮಗಳು ಗಗನ ಸ್ಕೂಲಿಗೆ ಹೋದ ಮೇಲೆ ಅತ್ತೆ ಸೊಸೆ ಇಬ್ಬರೇ. ಮಂಚದ ಪಕ್ಕದಲ್ಲಿ ಅವರೆಕಾಯಿ ಸುಲಿಯುತ್ತ ಕೂತ ನಯನಳನ್ನು ಹೊಂಬಾಳಮ್ಮ ಒಂದೊಂದಾಗಿ ಕೇಳುತ್ತಿದ್ದಳು. ಒಳಗೆ ಹಾಕಿರುವುದು ಕಬ್ಬಿಣವೋ ಸ್ಟೀಲೋ, ಕಾಲು ಮಡಿಸಿದರೆ ಟಕ್ ಅನ್ನುತ್ತದಲ್ಲ ಅದು ಕಳಚಿಕೊಂಡಿತೇ, ಇನ್ನು ಮೇಲೆ ನೆಲದ ಮೇಲೆ ಕೂತು ಉಣ್ಣುವುದು ಈ ಜನ್ಮಕ್ಕೆ ಮುಗಿಯಿತೇ. ಡಾಕ್ಟರ ಎದುರು ಇದನ್ನೆಲ್ಲ ಕೇಳಲು ಅವಳಿಗೆ ಬಾಯಿ ಬಂದಿರಲಿಲ್ಲ. ಎರಡು ದಿನ ತಡೆದು ಮೂರನೆಯ ದಿನ ಇನ್ನೊಂದು ಹೇಳಿದಳು. ಆಸ್ಪತ್ರೆಯಲ್ಲಿ ಹಾಕಿದ್ದ ಉಚ್ಚೆಯ ಕೊಳವೆ ತೆಗೆದಾಗಿನಿಂದ, ಮಂಚದಿಂದ ಎದ್ದ ಕೂಡಲೇ ಸೀರೆ ಒದ್ದೆಯಾಗಿಬಿಡುತ್ತಿತ್ತು.

“ಇದ್ನ ಯಾರ ತಾವೂ ಆಡ್ಬ್ಯಾಡ ಕಣವ್ವ. ನಿಮ್ಮಾವಂಗೂ ಯೋಳ್ಬ್ಯಾಡ.”

ನಯನ ಹಿತ್ತಿಲಿಗೆ ಹೋಗಿ ಚೀಟಿಯ ನಂಬರಿಗೆ ಮಾಡಿದಳು. ಗಂಡಸೊಬ್ಬ ಎತ್ತಿದ. ಅವನೆದುರು ಅತ್ತೆಯ ವಿಷಯ ಹೇಗೆ ಹೇಳುವುದೆಂದು ತಡವರಿಸುವಷ್ಟರಲ್ಲಿ ಲೈನಿನಲ್ಲಿರಿ ಎಂದ, ಸ್ವಲ್ಪ ಹೊತ್ತು ಹಾಡು ಬಂತು, ಕಟ್ಟಾಯಿತು. ಮತ್ತೆ ಮಾಡಲು ಮನಸ್ಸಾಗಲಿಲ್ಲ. ಬಟ್ಟೆ ಒಗೆಯುವ ಕಲ್ಲಿನ ಮೇಲೆ ಕೂತು, ಗಗನಳ ಹೋಂವರ್ಕಿಗೆಂದು ಫೋನಿಗೆ ಹಾಕಿಸಿಕೊಂಡಿದ್ದ ಎಐ ತೆಗೆದು ಅದಕ್ಕೆ ಬರೆದಳು. ಬರೆಯುವುದಕ್ಕೆ ನಾಚಿಕೆಯಾಗಲಿಲ್ಲ. ಅದು ಕ್ಷಣದಲ್ಲಿ ಶುದ್ಧವಾದ ಪುಸ್ತಕದ ಕನ್ನಡದಲ್ಲಿ ಉತ್ತರ ಕೊಟ್ಟಿತು: ಕೊಳವೆ ತೆಗೆದ ನಂತರ ಕೆಲವರಲ್ಲಿ ಹೀಗಾಗುವುದುಂಟು, ಬಹುತೇಕ ಕೆಲವೇ ದಿನಗಳಲ್ಲಿ ಸರಿಹೋಗುತ್ತದೆ, ಉರಿ ಅಥವಾ ಜ್ವರವಿದ್ದರೆ ವೈದ್ಯರನ್ನು ಕಾಣಿರಿ.

ಒಳಗೆ ಬಂದು, “ಸಿಸ್ಟರ್ ಹೇಳಿದ್ರು ಅತ್ತೆ, ನಾಲ್ಕು ದಿನ ಹಾಗಾಗುತ್ತಂತೆ, ಹೆದರಬೇಡಿ” ಅಂದಳು. ಫೋನನ್ನು ಕೇಳಿದೆ ಎಂದರೆ ಅತ್ತೆ ನಂಬುವವಳಲ್ಲ. ಅಲ್ಲದೆ ನರ್ಸ್ ಓದಿದ ಸೊಸೆ ಫೋನನ್ನು ಕೇಳಿ ಹೇಳುವುದೆಂದರೇನು. ಅದೊಂದು ಸಲಕ್ಕೆ ಎಂದು ಆಡಿದ ಮಾತು.

ನಾಲ್ಕು ದಿನಕ್ಕೆ ಸರಿಹೋಯಿತು. ಹೊಂಬಾಳಮ್ಮ ಆ ಮಧ್ಯಾಹ್ನ ಉಪ್ಸಾರಿನಲ್ಲಿ ಇಡೀ ಮುದ್ದೆ ಉಂಡಳು. ಮಳವಳ್ಳಿಗೆ ಕೊಟ್ಟಿದ್ದ ಮಗಳು ಅರ್ಪಿತ ಫೋನ್ ಮಾಡಿದಾಗ, ನಿಮ್ಮ ಅತ್ತಿಗೆ ಇಲ್ಲದಿದ್ದರೆ ನನ್ನ ಗತಿ ಏನಾಗುತ್ತಿತ್ತೋ ಎಂದು ನಯನಳಿಗೆ ಕೇಳಿಸುವಂತೆಯೇ ಹೇಳಿದಳು. ಅಲ್ಲಿಂದ ಮುಂದೆ ದಿನಕ್ಕೆರಡು ಸಲ ಒಗೆಯುವ ಕಲ್ಲಿನ ಹತ್ತಿರ ಹೋಗುವುದು, ಒಳಗೆ ಬಂದು ಸಿಸ್ಟರ್ ಹೇಳಿದ್ರು ಅನ್ನುವುದು ರೂಢಿಯಾಯಿತು. ಐಸು ಎಷ್ಟು ಹೊತ್ತು ಇಡಬೇಕು, ದಿಂಬು ಮಂಡಿಯ ಕೆಳಗೋ ಹಿಮ್ಮಡಿಯ ಕೆಳಗೋ, ಟಕ್ ಅನ್ನುವುದು ಯಾಕೆ, ಎಲ್ಲದಕ್ಕೂ ಉತ್ತರ ಬರುತ್ತಿತ್ತು, ಸರಿಯಾಗಿಯೇ ಇರುತ್ತಿತ್ತು. ಪ್ರತಿ ಉತ್ತರದ ಕೊನೆಗೂ ನಿಮ್ಮ ವೈದ್ಯರನ್ನು ಸಂಪರ್ಕಿಸಿ ಎಂಬ ಒಂದು ಸಾಲಿರುತ್ತಿತ್ತು. ಮೊದಮೊದಲು ಅದನ್ನು ಓದುತ್ತಿದ್ದಳು. ಆಮೇಲೆ ಕಣ್ಣು ಅಲ್ಲಿಯವರೆಗೆ ಹೋಗುವುದೇ ನಿಂತಿತು.

ಹನ್ನೆರಡನೆಯ ದಿನ ಮಂಡ್ಯಕ್ಕೆ ಹೋಗಿ ಹೊಲಿಗೆ ಬಿಚ್ಚಿಸಿಕೊಂಡು ಬಂದರು. ಗಾಯ ಒಣಗಿತ್ತು. ವಾಕರ್ ಹಿಡಿದು ಹೊಂಬಾಳಮ್ಮ ಜಗಲಿಯವರೆಗೂ ಬರುತ್ತಿದ್ದಳು. ಆದರೆ ತೊಡೆಯ ಮೇಲೆ ಅಲ್ಲಲ್ಲಿ ನೇರಳೆ ಬಣ್ಣದ ಕಲೆ ಕಾಣಿಸಿಕೊಂಡವು, ಹಲ್ಲುಜ್ಜಿದರೆ ವಸಡಿನಲ್ಲಿ ರಕ್ತ ಬಂತು. ಹೆಪ್ಪುಗಟ್ಟದಿರಲೆಂದು ಡಾಕ್ಟರು ಬರೆದಿದ್ದ, ರಕ್ತ ತೆಳು ಮಾಡುವ ಮಾತ್ರೆಯಿಂದ ಹೀಗೆ ಎಂದು ನಯನ ಹೇಳಿದ್ದೇ ತಪ್ಪಾಯಿತು. ಮೈಯಲ್ಲಿರುವ ರಕ್ತವನ್ನೆಲ್ಲ ನೀರು ಮಾಡಿ ಕೊಲ್ಲುವ ಆ ಮಾತ್ರೆ ತನಗೆ ಬೇಡವೇ ಬೇಡ ಎಂದು ಹೊಂಬಾಳಮ್ಮ ಹಟ ಹಿಡಿದಳು. ನಯನ ಫೋನನ್ನು ಕೇಳಿದಳು. ವೈದ್ಯರನ್ನು ಕೇಳದೆ ನಿಲ್ಲಿಸಬೇಡಿ ಎಂದಿತು. ಅದನ್ನೇ ಹೇಳಿದಳು. ಹೊಂಬಾಳಮ್ಮ ನುಂಗಿದಂತೆ ಮಾಡಿ ಮಾತ್ರೆಯನ್ನು ಟವೆಲಿಗೆ ಉಗಿದಳು, ಹೊಟ್ಟೆ ಉರಿಯುತ್ತದೆ ಎಂದು ಎರಡು ಹೊತ್ತು ಉಣ್ಣಲಿಲ್ಲ. ಗದ್ದೆಯಿಂದ ಬಂದ ಜವರಯ್ಯ ಹಾಗೇ ಇದ್ದ ಮುದ್ದೆಯ ತಟ್ಟೆ ನೋಡಿ, ಬೇಡ ಅನ್ನುವುದನ್ನು ಯಾಕೆ ನುಂಗಿಸುತ್ತೀ, ಇನ್ನೊಂದು ಸಲ ಆ ಸಿಸ್ಟರನ್ನು ವಿಚಾರಿಸಬಾರದೇ ಎಂದು ಸೊಸೆಯ ಮೇಲೆ ರೇಗಿದ.

ನಯನ ಇನ್ನೊಂದು ಸಲ ವಿಚಾರಿಸಿದಳು, ಆದರೆ ಪ್ರಶ್ನೆಯನ್ನು ಬದಲಿಸಿ. ಮಂಡಿ ಆಪರೇಷನ್ ಆದವರಿಗೆ ಈ ಮಾತ್ರೆ ಕಡಿಮೆಯೆಂದರೆ ಎಷ್ಟು ದಿನ? ಕನಿಷ್ಠ ಹತ್ತರಿಂದ ಹದಿನಾಲ್ಕು ದಿನ, ಕೆಲವರಿಗೆ ಮೂವತ್ತೈದು ದಿನಗಳವರೆಗೆ, ಇದು ರೋಗಿಯ ಸ್ಥಿತಿಯನ್ನು ಅವಲಂಬಿಸಿದೆ ಎಂದು ಬಂತು. ಆವತ್ತಿಗೆ ಹದಿನೈದು ದಿನವಾಗಿತ್ತು. ಚೀಟಿಯಲ್ಲಿ ಡಾಕ್ಟರು ಒಂದು ತಿಂಗಳು ಎಂದು ಬರೆದಿದ್ದು ಅವಳಿಗೆ ಚೆನ್ನಾಗಿ ಗೊತ್ತಿತ್ತು.

“ಹದಿನಾಲ್ಕು ದಿನ ಸಾಕಂತೆ ಅತ್ತೆ,” ಅಂದಳು. “ಸಿಸ್ಟರ್ ಹೇಳಿದ್ರು.”

ಆ ಸಂಜೆ ಮನೆಯಲ್ಲಿ ಎಲ್ಲರೂ ನೆಮ್ಮದಿಯಾಗಿ ಉಂಡರು.

ಇಪ್ಪತ್ತೊಂದನೆಯ ದಿನ ಸ್ನಾನ ಮಾಡಿಸುವಾಗ ಬಲಗಾಲಿನ ಮೀನಖಂಡ ಎಡಗಾಲಿಗಿಂತ ದಪ್ಪವಾಗಿರುವುದು ನಯನಳ ಕೈಗೆ ತಿಳಿಯಿತು. ಒತ್ತಿದರೆ ಹೊಂಬಾಳಮ್ಮ ಹಲ್ಲು ಕಚ್ಚುತ್ತಿದ್ದಳು. ನಿನ್ನೆ ಸ್ವಲ್ಪ ಜಾಸ್ತಿ ನಡೆದೆ, ಅದಕ್ಕೇ ಇರಬೇಕು ಎಂದಳು. ನಯನ ಹಿತ್ತಿಲಿಗೆ ಹೋಗಿ ಕೇಳಿದಳು. ಆಪರೇಷನ್ ಆದ ಮೇಲೆ ಕಾಲು ಊದುವುದು ತಿಂಗಳುಗಟ್ಟಲೆ ಇರಬಹುದು, ಗಾಬರಿ ಬೇಡ ಎಂದು ಶುರುವಾಗಿತ್ತು ಉತ್ತರ. ಈ ಸಲ ಕೊನೆಯವರೆಗೂ ಓದಿದಳು. ಮೀನಖಂಡದಲ್ಲಿ ಮಾತ್ರ ಊತ, ನೋವು, ಬಿಸಿ ಇದ್ದರೆ ರಕ್ತ ಹೆಪ್ಪುಗಟ್ಟಿರುವ ಸಾಧ್ಯತೆ ಇದೆ, ಕೂಡಲೇ ಆಸ್ಪತ್ರೆಗೆ ತಿಳಿಸಿರಿ.

ಕೈಯಲ್ಲಿ ಫೋನು ಇತ್ತು. ಚೀಟಿಯ ನಂಬರೂ ಅದರಲ್ಲೇ ಇತ್ತು. ಆದರೆ ಮಾಡಿದರೆ ಮೊದಲು ಕೇಳುವುದೇ ಮಾತ್ರೆಯ ವಿಷಯ. ನಿಲ್ಲಿಸಿದ್ದು ಯಾರು ಎನ್ನುತ್ತಾರೆ. ಆ ಒಂದು ಪ್ರಶ್ನೆಗೆ ಹೆದರಿ ನಯನ ಅತ್ತೆಯ ಕಾಲನ್ನು ಎರಡು ದಿಂಬಿನ ಮೇಲಿಟ್ಟು, ನಾಳೆ ಇಳಿಯುತ್ತದೆ ಎಂದಳು. ಮರುದಿನ ಬೆಳಗ್ಗೆ ತಾನೇ ಆ ನಿಲ್ಲಿಸಿದ್ದ ಮಾತ್ರೆಯನ್ನು ತಂದು ಮತ್ತೆ ನುಂಗಿಸಿದಳು, ಇದು ಗ್ಯಾಸಿನ ಮಾತ್ರೆ ಎಂದು ಹೇಳಿ. ಊತ ಇಳಿಯಲಿಲ್ಲ.

ಎರಡನೆಯ ದಿನ ಮಧ್ಯಾಹ್ನ ಅರ್ಪಿತ ಮಳವಳ್ಳಿ ಬಸ್ಸಿಗೆ ಬಂದಿಳಿದಳು, ಸ್ಟೀಲಿನ ಡಬ್ಬಿಯಲ್ಲಿ ಕಾಲು ಸೂಪು, ಇನ್ನೊಂದು ಸೀಸೆಯಲ್ಲಿ ನೋವಿನೆಣ್ಣೆ. ತಾಯಿಯ ಕಾಲು ನೋಡಿ, ಇದೇನವ್ವ ಇಷ್ಟು ಬಿಗಿದುಕೊಂಡಿದೆ ಎಂದು ಎಣ್ಣೆಯನ್ನು ಅಂಗೈಗೆ ಸುರಿದುಕೊಂಡು ಮಂಚದ ಹತ್ತಿರ ಕೂತಳು. ಒಲೆಯ ಮುಂದಿದ್ದ ನಯನ ಓಡಿಬಂದು ಅವಳ ಕೈ ಹಿಡಿದಳು.

“ತಿಕ್ಕಬೇಡ ಅರ್ಪಿತ.”

“ಯಾಕತ್ತಿಗೆ? ನೋವಿಗೆ ತಾನೇ?”

“ತಿಕ್ಕಬಾರದು. ಒಳಗೆ ರಕ್ತ ಹೆಪ್ಪುಗಟ್ಟಿರಬಹುದು. ತಿಕ್ಕಿದ್ರೆ ಅದು ಎದೆಗೆ ಹೋಗುತ್ತೆ.”

ಅರ್ಪಿತಳ ಅಂಗೈಯಿಂದ ಎಣ್ಣೆ ನೆಲಕ್ಕೆ ತೊಟ್ಟಿಕ್ಕಿತು. ಇದು ಯಾವಾಗಿನಿಂದ ಗೊತ್ತು ಎಂದು ಕೇಳಿದಳು. ನಯನ ಬಟ್ಟೆ ತಂದು ನೆಲ ಒರೆಸತೊಡಗಿದಳು. ಅರ್ಪಿತ ಇನ್ನೇನೂ ಕೇಳದೆ ಅಣ್ಣನಿಗೆ ಫೋನ್ ಮಾಡಿದಳು. ಕಾರು ಗೊತ್ತುಮಾಡಿ ಒಂದು ಗಂಟೆಯೊಳಗೆ ಮಂಡ್ಯದಲ್ಲಿದ್ದರು.

ಸ್ಕ್ಯಾನಿನಲ್ಲಿ ಹೆಪ್ಪು ಕಾಣಿಸಿತು. ಸದ್ಯ ಕಾಲಿನಲ್ಲೇ ಇದೆ, ಮೇಲೆ ಹೋಗಿಲ್ಲ, ಇನ್ನೊಂದೆರಡು ದಿನ ಬಿಟ್ಟಿದ್ದರೆ ಹೇಳಲಾಗುತ್ತಿರಲಿಲ್ಲ ಎಂದರು ಡಾಕ್ಟರು. ಹೊಂಬಾಳಮ್ಮನ ಹೊಟ್ಟೆಗೆ ಇಂಜೆಕ್ಷನ್ ಕೊಟ್ಟು ಅದೇ ವಾರ್ಡಿಗೆ ಹಾಕಿದರು. ಆಮೇಲೆ ಡಾಕ್ಟರು ಚೀಟಿ ಕೈಯಲ್ಲಿ ಹಿಡಿದು, ಒಂದು ತಿಂಗಳು ಬರೆದಿದ್ದ ಮಾತ್ರೆಯನ್ನು ಹದಿನೈದು ದಿನಕ್ಕೆ ನಿಲ್ಲಿಸಿದ್ದು ಯಾರು ಎಂದು ಕೇಳಿದರು.

ಜವರಯ್ಯ ಕೈ ಕಟ್ಟಿ ನಿಂತಿದ್ದ. “ನಿಮ್ಮ ಸಿಸ್ಟರೇ ಅಂದಿದ್ದು ಸಾ. ದಿವ್ಸಾ ಫೋನಲ್ಲಿ ಯೋಳ್ತಿದ್ರು. ಸಾಕು ನಿಲ್ಸಿ ಅಂದವ್ರೇ ಅವ್ರು.”

“ಯಾವ ಸಿಸ್ಟರು?”

ಜವರಯ್ಯ ಸೊಸೆಯ ಮುಖ ನೋಡಿದ. ನಯನ ನೆಲ ನೋಡುತ್ತಿದ್ದಳು. ಅವನು ಆಚೆ ಮಂಚದ ಹತ್ತಿರ ಡ್ರಿಪ್ ಸರಿಮಾಡುತ್ತಿದ್ದ ಸಿಂಧುವನ್ನು ತೋರಿಸಿ, ನಂಬರಿಗೆ ಗೆರೆ ಎಳೆದುಕೊಟ್ಟವರು ಇವರೇ ಎಂದ. ಡಾಕ್ಟರು ಅವಳನ್ನು ಕರೆದು ಅಲ್ಲೇ, ಎಂಟು ಮಂಚದ ರೋಗಿಗಳು ಮತ್ತು ಅವರ ಕಡೆಯವರ ಎದುರೇ ಕೇಳಿದರು. ತಾನು ಹೇಳಿಲ್ಲ, ಈ ಮನೆಯಿಂದ ತನಗೆ ಒಂದು ಫೋನೂ ಬಂದಿಲ್ಲ ಎಂದಳು ಸಿಂಧು. ಜವರಯ್ಯ ಬಿಡಲಿಲ್ಲ. ಅವನು ಸುಳ್ಳು ಹೇಳುತ್ತಿರಲಿಲ್ಲ, ಅದಕ್ಕೇ ಅವನ ದನಿ ಗಟ್ಟಿಯಾಗಿತ್ತು. ದಿನಾ ಹೇಳಿಲ್ಲವಾ ತಾಯಿ, ಐಸು ಇಡೋದು, ದಿಂಬು ಇಡೋದು, ಎಲ್ಲ ನೀವೇ ಹೇಳಿಲ್ಲವಾ ಎಂದು ಒಂದೊಂದನ್ನೇ ಎತ್ತಿ ಕೇಳಿದ. ಸಿಂಧುವಿನ ಮುಖ ಕೆಂಪಾಯಿತು, ಕಣ್ಣು ತುಂಬಿತು. ನಾಳೆ ಇದರ ಬಗ್ಗೆ ಬರವಣಿಗೆಯಲ್ಲಿ ಕೊಡಿ ಎಂದು ಡಾಕ್ಟರು ಹೋದರು.

ನಯನಳ ಗಂಡ ಪಕ್ಕದಲ್ಲೇ ಇದ್ದ, ನಾದಿನಿ ಇದ್ದಳು, ಮಂಚದ ಮೇಲೆ ಅತ್ತೆ ಕಣ್ಣು ಮುಚ್ಚಿ ಮಲಗಿದ್ದಳು. ಈಗ ಹೇಳಬೇಕು, ಈಗ ಹೇಳಬೇಕು ಎಂದುಕೊಳ್ಳುತ್ತಿರುವಾಗಲೇ ಸಿಂಧು ಟ್ರೇ ಎತ್ತಿಕೊಂಡು ಹೊರಟುಹೋದಳು.

ಮರುದಿನ ಬೆಳಗ್ಗೆ ಅತ್ತೆಗೆ ಗಂಜಿ ತುಂಬಿಸಿಕೊಂಡು, ಮದ್ದೂರಿನಲ್ಲಿ ಬಸ್ಸು ಬದಲಿಸಿ ಒಬ್ಬಳೇ ಮಂಡ್ಯಕ್ಕೆ ಬಂದಳು. ವಾರ್ಡಿನಲ್ಲಿ ಸಿಂಧು ಕಾಣಲಿಲ್ಲ. ಕೇಳಿದರೆ, ಅವಳನ್ನು ರೋಗಿಗಳ ಹತ್ತಿರ ಬಿಡುತ್ತಿಲ್ಲ, ಸ್ಟೋರಿನಲ್ಲಿ ಕೂರಿಸಿದ್ದಾರೆ ಎಂದಳು ಆಯಾ. ಸ್ಟೋರಿನಲ್ಲಿ ಹತ್ತಿಯ ಬಂಡಲುಗಳ ನಡುವೆ ಕೂತು ಸಿಂಧು ಒಂದು ಬಿಳಿ ಹಾಳೆಯ ಮೇಲೆ ಏನನ್ನೋ ಬರೆದು ಹೊಡೆದುಹಾಕುತ್ತಿದ್ದಳು. ವಯಸ್ಸು ಇಪ್ಪತ್ತನಾಲ್ಕು ಇದ್ದೀತು. ನಯನ ಬಾಗಿಲಲ್ಲೇ ನಿಂತು ಎಲ್ಲವನ್ನೂ ಹೇಳಿದಳು. ಫೋನನ್ನು ಕೇಳಿದ್ದು, ಅದರ ಮಾತಿಗೆ ಸಿಸ್ಟರ್ ಹೆಸರಿಟ್ಟಿದ್ದು, ನಿನ್ನೆ ಬಾಯಿ ಬಿಡದೆ ನಿಂತದ್ದು. ಹೇಳಿ ಮುಗಿಸಿ, ತಪ್ಪಾಯ್ತು ಎಂದು ಕೈ ಮುಗಿದಳು.

ಸಿಂಧು ಪೆನ್ನಿನ ಮುಚ್ಚಳ ಹಾಕಿದಳು. “ನನಗೆ ಗೊತ್ತಿರೋದನ್ನೇ ನನಗೆ ಹೇಳ್ತಿದೀರ. ನಾನು ಹೇಳಿಲ್ಲ ಅಂತ ನನಗೆ ಗೊತ್ತಿಲ್ವಾ? ಅಷ್ಟು ಜನರ ಮುಂದೆ ಬೈಸ್ಕೊಂಡಿದೀನಿ ಅಕ್ಕ. ಹೇಳೋದಿದ್ರೆ ಅಲ್ಲಿ ಹೇಳಿ.”

ಹತ್ತೂವರೆಗೆ ಡಾಕ್ಟರು ರೌಂಡ್ಸಿಗೆ ಬಂದರು. ಅಷ್ಟರಲ್ಲಿ ಜಯಪ್ರಕಾಶ, ಜವರಯ್ಯ, ಅರ್ಪಿತ ಬಂದಿದ್ದರು. ನಯನ ಡಾಕ್ಟರ ಎದುರು ಹೋಗಿ ನಿಂತು, ಸಿಂಧು ಸಿಸ್ಟರನ್ನು ಕರೆಸಿ ಸಾರ್ ಎಂದಳು. ಕರೆಸಿದರು. ಅವಳು ಬಂದು ನಿಂತ ಮೇಲೆ ನಯನ ಹೇಳಿದಳು. ಅರ್ಧಕ್ಕೆ ಬಂದಾಗ ದನಿ ಸಣ್ಣದಾಯಿತು. ಡಾಕ್ಟರು ಗಟ್ಟಿಯಾಗಿ ಹೇಳಿ ಅಂದರು, ಗಟ್ಟಿಯಾಗಿ ಹೇಳಿದಳು. ಎದುರು ಮಂಚದ ಅಜ್ಜನ ಮಗ ಊಟದ ಡಬ್ಬಿ ಮುಚ್ಚುವುದನ್ನು ಬಿಟ್ಟು ನೋಡುತ್ತಿದ್ದ.

ಡಾಕ್ಟರು ಕೈ ಚಾಚಿದರು. ನಯನ ಫೋನು ಕೊಟ್ಟಳು. ಅವರು ನಿಂತಲ್ಲೇ ಬಹಳ ಹೊತ್ತು ಓದಿದರು.

“ತುಂಬಾ ಕಡೆ ಸರಿಯಾಗೇ ಹೇಳಿದೆ,” ಅಂದರು. “ಕೊನೇ ಸಾಲು ನೀವು ಓದಿಲ್ಲ, ಅಷ್ಟೇ. ಆದರೆ ಈ ಹದಿನಾಲ್ಕು ದಿನ ಇದೆಯಲ್ಲ, ಇದು ಇವರಿಗಲ್ಲ. ಇವರ ಕಾಲಲ್ಲಿ ಮೊದಲೇ ನರ ಉಬ್ಬಿವೆ, ಮೈ ಭಾರ ಇದೆ. ಅದಕ್ಕೆ ನಾನು ತಿಂಗಳು ಬರೆದಿದ್ದು. ಇದನ್ನ ನೀವು ಅದಕ್ಕೆ ಹೇಳಿದ್ರಾ?”

“ಇಲ್ಲ ಸಾರ್.”

“ಅದು ನಿಮ್ಮನ್ನ ಕೇಳ್ತಾ?”

“ಇಲ್ಲ.”

“ನೀವು ನರ್ಸು. ನಿಮಗಾದ್ರೂ ಗೊತ್ತಾಗಬೇಕಿತ್ತು.”

ನಯನ ಸೆರಗಿನ ಅಂಚನ್ನು ಬೆರಳಿಗೆ ಸುತ್ತಿಕೊಂಡಳು. ಜಯಪ್ರಕಾಶ ಗೋಡೆಯ ಕಡೆ ತಿರುಗಿಕೊಂಡ. “ನಾನು ನರ್ಸಲ್ಲ ಸಾರ್,” ಅಂದಳು. “ಒಂದು ವರ್ಷ ಓದಿದೆ. ಫೇಲಾಗಿ ಬಿಟ್ಟೆ.”

ಡಾಕ್ಟರು ಫೋನು ವಾಪಸು ಕೊಟ್ಟರು. ಸಿಂಧುವಿನ ಕಡೆ ತಿರುಗಿ, ವಿಚಾರಿಸದೆ ಎಲ್ಲರೆದುರು ಹಾಗೆ ಕೇಳಬಾರದಿತ್ತು, ನೀವು ಡ್ಯೂಟಿಗೆ ಬನ್ನಿ ಎಂದರು. ಚೀಟಿ ಕೊಟ್ಟ ದಿನ ತಾವೂ ಇನ್ನೈದು ನಿಮಿಷ ನಿಲ್ಲಬೇಕಿತ್ತು ಎಂದು ತಮಗೆ ತಾವೇ ಹೇಳಿಕೊಂಡಂತೆ ಅಂದು ಮುಂದಿನ ಮಂಚಕ್ಕೆ ಹೋದರು. ಜವರಯ್ಯ ಸಿಂಧುವಿನ ಮುಂದೆ ಹೋಗಿ ಟವೆಲನ್ನು ಹೆಗಲಿಂದ ತೆಗೆದು ಕೈಯಲ್ಲಿ ಹಿಡಿದುಕೊಂಡ. ಸಿಂಧು ಪರವಾಗಿಲ್ಲ ಬಿಡಿ ತಾತ ಅಂದಳು. ನಯನಳ ಕಡೆ ನೋಡಲಿಲ್ಲ.

ಆರು ದಿನದ ಮೇಲೆ ಹೊಂಬಾಳಮ್ಮನನ್ನು ಮನೆಗೆ ಕರೆತಂದರು. ಮಾತ್ರೆ ಇನ್ನು ಮೂರು ತಿಂಗಳು. ಅರ್ಪಿತ ಮಳವಳ್ಳಿಗೆ ಹೋಗದೆ ಉಳಿದಳು, ತಾಯಿಗೆ ಮಾತ್ರೆ ಕೊಡುವುದು, ಊಟ ಬಡಿಸುವುದು ತನ್ನದೇ ಎಂದಳು. ಮೊದಲ ಸಂಜೆಯೇ ಜಗಳವಾಯಿತು. ಹನ್ನೊಂದು ವರ್ಷ ನಮಗೆ ಸುಳ್ಳು ಹೇಳಿಕೊಂಡು ಹೇಗೆ ಉಂಡಿರಿ ಅತ್ತಿಗೆ ಎಂದು ಅರ್ಪಿತ ಕೇಳಿದಳು. ಜಯಪ್ರಕಾಶ ತಟ್ಟೆಯ ಮುಂದೆ ಕೂತಿದ್ದವನು, ತನಗೆ ಮೊದಲೇ ಗೊತ್ತಿತ್ತು, ಹೇಳಬೇಡ ಎಂದವನು ತಾನೇ ಎಂದು ಮೆಲ್ಲಗೆ ಹೇಳಿದ. ಜವರಯ್ಯ ಮಗನನ್ನು ಒಂದು ಸಲ ನೋಡಿದ.

“ಓದ್ನಿಲ್ಲ ಅಂದಿದ್ರೆ ನಾವೇನು ಬ್ಯಾಡ ಅಂತಿದ್ವೇನ್ಲಾ? ನನ್ನ ಬಾಯಲ್ಲಿ ಆ ಸಿಸ್ಟರ್ ಉಡ್ಗೀನ ಬೈಸ್ಬುಟ್ರಲ್ಲ.”

ಅರ್ಧ ಮುದ್ದೆ ಬಿಟ್ಟು ಕೈ ತೊಳೆದುಕೊಂಡ. ಆ ರಾತ್ರಿಯಿಂದ ಎಷ್ಟೋ ದಿನ ಅವನು ಸೊಸೆಯ ಹತ್ತಿರ ನೀರು ಸಹ ಕೇಳಲಿಲ್ಲ, ತಾನೇ ಹೋಗಿ ಹೂಜಿಯಿಂದ ಬಗ್ಗಿಸಿಕೊಳ್ಳುತ್ತಿದ್ದ.

ಹೊಂಬಾಳಮ್ಮ ಬೈಯಲೇ ಇಲ್ಲ. ನಾಲ್ಕನೆಯ ದಿನ ಅರ್ಪಿತ ಅಂಗಡಿಗೆ ಹೋಗಿದ್ದಾಗ ನಯನಳನ್ನು ಕರೆದಳು.

“ಅವೊತ್ತು ನಾನು ಯೋಳಿದ್ನಲ್ಲ, ಸೀರೆ ನೆನೀತದೆ ಅಂತ. ಅದ್ನೂ ಅದ್ರಲ್ಲೇ ಬರೆದ್ಯಾ?”

“ಹೂಂ ಅತ್ತೆ.”

“ಡಾಕ್ಟ್ರು ಫೋನಿಸ್ಕೊಂಡು ಓದ್ದಾಗ ಅದ್ನೂ ಓದಿದ್ರಾ?”

ನಯನಳಿಗೆ ಸುಳ್ಳು ಹೇಳಲು ಬಾಯಿ ಬಂತು. ನುಂಗಿಕೊಂಡಳು. “ಓದಿರಬೇಕು ಅತ್ತೆ.”

ಹೊಂಬಾಳಮ್ಮ ಗೋಡೆಯ ಕಡೆ ಹೊರಳಿದಳು. ಕಾಲು ಹೋಗಿದ್ದರೂ ಇಷ್ಟು ಸಂಕಟವಾಗುತ್ತಿರಲಿಲ್ಲವೇನೋ ಎನ್ನುವ ಹಾಗೆ ಬೆನ್ನು ಕುಗ್ಗಿತ್ತು. ನಯನ ಒಲೆಯ ಮೇಲೆ ಅನ್ನ ಸೀಯುವ ವಾಸನೆ ಬಂದಾಗ ಒಳಗೆ ಹೋದಳು. ಮರುದಿನ ಬೀದಿಯ ಮರಿತಾಯಮ್ಮ ಸಕ್ಕರೆ ಕಾಯಿಲೆಯ ಚೀಟಿ ಹಿಡಿದು ಬಂದಾಗ, ನಾನು ನರ್ಸಲ್ಲ ಕಣಮ್ಮ, ಮೆಡಿಕಲ್ ಸ್ಟೋರಿನವರನ್ನು ಕೇಳಿ ಎಂದು ಬಾಗಿಲಲ್ಲೇ ಹೇಳಿ ಕಳಿಸಿದಳು. ಎರಡು ದಿನದಲ್ಲಿ ಊರಿಗೆಲ್ಲ ಗೊತ್ತಾಯಿತು. ನೀರಿನ ನಲ್ಲಿಯ ಹತ್ತಿರ ಅವಳು ಹೋದರೆ ಮಾತು ನಿಲ್ಲುತ್ತಿತ್ತು.

ಹತ್ತು ದಿನಕ್ಕೆ ಅರ್ಪಿತಳಿಗೆ ಮಳವಳ್ಳಿಯಿಂದ ಮೇಲಿಂದ ಮೇಲೆ ಫೋನು ಬಂದು ಅವಳು ಹೋಗಲೇಬೇಕಾಯಿತು. ಹೋಗುವಾಗ ಅಪ್ಪನಿಗೆ ಆಸ್ಪತ್ರೆಯ ನಂಬರು ಒತ್ತುವುದನ್ನು ಕಲಿಸಿ, ಏನಿದ್ದರೂ ನೀನೇ ಕೇಳು ಎಂದು ಹೇಳಿ ಹೋದಳು. ಜವರಯ್ಯ ಅದನ್ನು ವ್ರತದಂತೆ ಹಿಡಿದ. ಗದ್ದೆಯಿಂದ ಬಂದವನೇ ಜಗಲಿಯ ಮೇಲೆ ಕೂತು, ಆ ಕಡೆಯವರಿಗೆ ಕೇಳಿಸುವುದಿಲ್ಲ ಎಂಬ ಅನುಮಾನದಲ್ಲಿ ಕೂಗಿ ಮಾತಾಡುತ್ತಿದ್ದ. ಹೆಂಡತಿಗೆ ಮೂರು ದಿನದಿಂದ ಹೊರಕಡೆಗೆ ಆಗಿಲ್ಲ ಎಂಬುದನ್ನು ಬೀದಿಯ ಈ ತುದಿಯಿಂದ ಆ ತುದಿಯವರೆಗೆ ಎಲ್ಲರೂ ಕೇಳಿಸಿಕೊಂಡರು. ಅವರು ಹೇಳಿದ ಪುಡಿಯ ಹೆಸರನ್ನು ನಾಲ್ಕು ಸಲ ತಪ್ಪಾಗಿ ಒಪ್ಪಿಸಿ, ಕೊನೆಗೆ ಬೇರೆ ಯಾವುದನ್ನೋ ತಂದ. ಎದುರುಮನೆಯ ಸಣ್ಣತಾಯಮ್ಮ ಬಾಳೆಹಣ್ಣು ತಂದುಕೊಟ್ಟು, ಇದನ್ನು ತಿನ್ನು ಹೊಂಬಾಳಿ, ಸಲೀಸಾಗುತ್ತದೆ ಎಂದು ಬಾಯಿಗೆ ಸೆರಗಿಟ್ಟುಕೊಂಡು ಹೋದಳು. ಹೊಂಬಾಳಮ್ಮ ಮುಸುಕು ಹಾಕಿ ಮಲಗಿಬಿಟ್ಟಳು.

ಮರುದಿನ ಬೆಳಗ್ಗೆ, ಗಂಡ ಎತ್ತಿಗೆ ಹುಲ್ಲು ಹಾಕಲು ಕೊಟ್ಟಿಗೆಗೆ ಹೋದಾಗ, ಅವಳು ನಯನಳನ್ನು ಕರೆದು ಮಂಚದ ಅಂಚು ತೋರಿಸಿದಳು. ನಯನ ಕೂತಳು. ಮೊದಲಿನಿಂದಲೂ ಕೇಳಬೇಕೆಂದಿದ್ದ ಒಂದು ಮಾತಿತ್ತಂತೆ, ಕಮೋಡಿನ ಕುರ್ಚಿಯ ಮೇಲೆ ತನಗೆ ಆಗುವುದೇ ಇಲ್ಲ, ಮುಂದೆ ಎಂದಾದರೂ ಹಳೆಯ ಪಾಯಖಾನೆಯಲ್ಲಿ ಕೂರಬಹುದೋ ಇಲ್ಲವೋ.

“ಆ ಮನುಸ್ಯನ ಕೈಲಿ ಕೇಳುಸ್ಬ್ಯಾಡ. ನೀನು ಮಾಡು. ಇಲ್ಲೇ, ನನ್ನ ಮುಂದೆ ಕುಂತ್ಕೊಂಡು ಮಾಡು. ಅವ್ರು ಏನಂದ್ರೋ ಅಷ್ಟೇ ಯೋಳು. ನೀನಾಗಿ ಒಂದಕ್ಷರ ಸೇರುಸ್ಬ್ಯಾಡ, ಒಂದಕ್ಷರ ನುಂಗ್ಬ್ಯಾಡ.”

ನಯನ ನಂಬರು ಒತ್ತಿದಳು. ಗಂಡಸಿನ ದನಿ. ಆರ್ಥೋ ವಾರ್ಡಿನ ಸಿಸ್ಟರಿಗೆ ಕೊಡಿ ಎಂದಳು. ಹಾಡು ಬಂತು. ಕಟ್ಟಾಯಿತು. ಮತ್ತೆ ಮಾಡಿದಳು. ಮತ್ತೆ ಹಾಡು, ಈ ಸಲ ಬಹಳ ಹೊತ್ತು. ಹೊಂಬಾಳಮ್ಮ ಅವಳ ಮುಖವನ್ನೇ ನೋಡುತ್ತಿದ್ದಳು. ಕೊನೆಗೆ ಹೆಣ್ಣುದನಿ ಬಂತು. ಸಿಂಧುವಲ್ಲ, ಬೇರೆ ಯಾರೋ. ನಯನ ಅತ್ತೆಯ ಹೆಸರು, ಆಪರೇಷನ್ ಆದ ದಿನ, ಆಮೇಲೆ ಹೆಪ್ಪುಗಟ್ಟಿದ್ದು, ಈಗ ತಗೊಳ್ಳುತ್ತಿರುವ ಮಾತ್ರೆ, ಕಾಲಿನಲ್ಲಿ ಉಬ್ಬಿದ ನರ ಇರುವುದು, ಎಲ್ಲವನ್ನೂ ಮೊದಲಿನಿಂದ ಹೇಳಿದಳು. ಆಮೇಲೆ ಪ್ರಶ್ನೆ ಕೇಳಿದಳು. ಆ ಕಡೆಯಿಂದ ಬಂದ ಮಾತನ್ನು ಕೇಳಿಸಿಕೊಂಡು ಹೂಂ ಎಂದು ಫೋನಿಟ್ಟಳು.

“ಏನಂತೆ?”

ಒಂದು ಸಮಾಧಾನದ ಮಾತು ಸೇರಿಸಿಬಿಡೋಣ ಎನ್ನಿಸಿತು ನಯನಳಿಗೆ.

“ಅವರಿಗೆ ಗೊತ್ತಿಲ್ವಂತೆ ಅತ್ತೆ. ಡಾಕ್ಟ್ರು ಆಪರೇಷನ್ನಿಗೆ ಹೋಗಿದಾರೆ, ಬಂದಮೇಲೆ ಕೇಳಿ ಫೋನ್ ಮಾಡ್ತಾರಂತೆ. ಅಷ್ಟೇ ಹೇಳಿದ್ದು.”

ಹೊಂಬಾಳಮ್ಮ ಹೊದಿಕೆಯನ್ನು ಕಾಲಿನ ಮೇಲಿಂದ ಸರಿಸಿದಳು.

“ಗೊತ್ತಿಲ್ಲ ಅಂದ್ರಾ?”

“ಹೂಂ.”

“ಸರಿ ಬುಡು. ಕಾಯನ.” ಗೋಡೆಗೆ ಒರಗಿ, ಆಪರೇಷನ್ ಆದ ಕಾಲನ್ನು ಎರಡೂ ಕೈಯಲ್ಲಿ ಹಿಡಿದು ನಿಧಾನವಾಗಿ ಮಡಿಸತೊಡಗಿದಳು. ಅರ್ಧಕ್ಕೆ ನಿಂತಿತು. “ಹಿಮ್ಮಡಿ ತಾವು ಒಸಿ ಹಿಡ್ಕೊ,” ಅಂದಳು.

ನಯನ ಹಿಡಿದುಕೊಂಡಳು.